ಪಿಕಪ್ಪಿನ ಹಿಂಭಾಗದ ದೋಷ: ಅಲೈನ್‌ಮೆಂಟ್ ಯಂತ್ರ, ಹೊಸ ಶಾಕ್ ಅಬ್ಸಾರ್ಬರ್, ಕಮಾನ್ ಮೇಸ್ತ್ರಿ

ಭತ್ತ ಹೊರುವ ನಮ್ಮ ಪಿಕಪ್ಪಿನ ಹಿಂಭಾಗ ನೆಟ್ಟಗೆ ನಡೆಯದಾದಾಗ ನನ್ನ ಮುಂದೆ ಮೂರು ದಾರಿಗಳಿದ್ದವು: ವೀಲ್ ಅಲೈನ್‌ಮೆಂಟ್ ಅಂಗಡಿ, ಸರ್ವೀಸ್ ಸೆಂಟರಿನವರು ಸೂಚಿಸಿದ ಹೊಸ ಶಾಕ್ ಅಬ್ಸಾರ್ಬರ್, ಮತ್ತು ರಸ್ತೆ ಬದಿಯ ಕಮಾನ್ (ಗಾಡಿಯ ಭಾರ ಹೊರುವ, ಉಕ್ಕಿನ ಪ್ಲೇಟುಗಳ ಸ್ಪ್ರಿಂಗ್) ಮೇಸ್ತ್ರಿ. ಮೂರನ್ನೂ ಇದೇ ಕ್ರಮದಲ್ಲಿ ಮಾಡಿಸಿದೆ. ಕ್ರಮವನ್ನು ತಿರುಗಿಸಿದ್ದರೆ ಒಂದಷ್ಟು ಹಣ ಮತ್ತು ಒಂದು ಟೈರು ಉಳಿಯುತ್ತಿತ್ತು. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಮೇಸ್ತ್ರಿಯ ಪಕ್ಷದವನು ಎಂಬುದನ್ನು ಮುಚ್ಚಿಡುವುದಿಲ್ಲ.

ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ಗಾಡಿಯ ಓಡಾಟವೆಲ್ಲ ಕಾಲುವೆ ದಂಡೆಯ ಗದ್ದೆಗಳಿಂದ ಮಿಲ್ಲಿಗೆ, ಶ್ರೀರಾಮನಗರದ ಮೇಲೆ ಗಂಗಾವತಿಗೆ, ಒಮ್ಮೊಮ್ಮೆ ಸಿಂಧನೂರಿಗೆ. 75 ಕೆ.ಜಿ.ಯ 20 ಚೀಲ ಹೇರಿದರೆ 1,500 ಕೆ.ಜಿ. ಆಗುತ್ತದೆ; ನಮ್ಮ ಗಾಡಿಯ ಆರ್‌ಸಿಯಲ್ಲಿರುವ ಮಿತಿಯೂ ಅಷ್ಟೇ. ಆದರೆ ಸುಗ್ಗಿಯ ದಿನಗಳಲ್ಲಿ 24 ಚೀಲ ಹೇರಿದ್ದುಂಟು. ಅದನ್ನು ಒಪ್ಪಿಕೊಳ್ಳದೆ ಮುಂದಿನದನ್ನು ಹೇಳುವುದು ನ್ಯಾಯವಲ್ಲ. ಹಿಂಭಾಗ ಕುಸಿಯುತ್ತಿದೆಯೆಂದು ಅಕ್ಟೋಬರಿನಲ್ಲಿ ಒಂದು ಅಂಗಡಿಯಲ್ಲಿ ಎರಡೂ ಬದಿಯ ಕಮಾನುಗಳಿಗೆ ಒಂದೊಂದು ಹೆಚ್ಚುವರಿ ಪ್ಲೇಟು ಹಾಕಿಸಿದೆ. ಗಾಡಿಯ ಹಿಂಭಾಗ ಎತ್ತರವಾಯಿತು, ನೋಡುವುದಕ್ಕೂ ಚೆಂದವಾಯಿತು, ಎರಡು ತಿಂಗಳು ನಾನೂ ನೆಮ್ಮದಿಯಿಂದಿದ್ದೆ.

ಡಿಸೆಂಬರಿನಲ್ಲಿ ತೊಂದರೆ ಕಾಣಿಸಿಕೊಂಡಿತು. ನೇರ ರಸ್ತೆಯಲ್ಲಿ ಹೋಗಬೇಕಾದರೂ ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ ಹಿಡಿದಿರಬೇಕಾಗುತ್ತಿತ್ತು. ಹಂಪ್ ದಾಟಿದ ಮೇಲೆ ಹಿಂಭಾಗ ಒಮ್ಮೆ ಪಕ್ಕಕ್ಕೆ ಜಗ್ಗಿದಂತಾಗುತ್ತಿತ್ತು, ಮತ್ತು ಇದು ಖಾಲಿ ಗಾಡಿಗಿಂತ ಹೇರಿದ ಗಾಡಿಯಲ್ಲಿ ಹೆಚ್ಚಾಗಿತ್ತು. ಇನ್ನೊಂದು ಲಕ್ಷಣವನ್ನು ಗಾಡಿ ಓಡಿಸುವ ನನ್ನ ತಮ್ಮ ಮೊದಲ ವಾರದಲ್ಲೇ ಹೇಳಿದ್ದ: ಆಕ್ಸಿಲರೇಟರ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತದೆ, ಕಾಲು ತೆಗೆದರೆ ಎಡಕ್ಕೆ ಬರುತ್ತದೆ. ರಸ್ತೆಯ ಇಳಿಜಾರಿಗೆ ಹಾಗಾಗುತ್ತಿರಬೇಕು ಎಂದು ನಾನು ಆ ಮಾತನ್ನು ತಳ್ಳಿಹಾಕಿದೆ. ರೋಗದ ಹೆಸರು ಆ ಮಾತಿನಲ್ಲೇ ಇತ್ತು.

ಅಲೈನ್‌ಮೆಂಟ್ ಅಂಗಡಿಗೆ ಎರಡು ಸಲ ಹೋದೆ. ಎರಡು ಸಲಕ್ಕೆ ಸೇರಿ 1,400 ರೂಪಾಯಿ ಆಯಿತು. ಕಂಪ್ಯೂಟರ್ ಪರದೆಯ ಮೇಲೆ ಎಲ್ಲವೂ ಹಸಿರು ಬಣ್ಣದಲ್ಲಿ ಕಾಣುತ್ತಿತ್ತು. ಆದರೆ ಆ ಅಂಗಡಿಯಲ್ಲಿ ಅಳೆದದ್ದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಜೋಡಿಸುವ ಅಚ್ಚು) ಓರೆಯಾಗಿದ್ದರೆ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ, ಮುಂದಿನ ಚಕ್ರಗಳನ್ನು ತಿದ್ದಿ ಆ ಓರೆಯನ್ನು ಮರೆಮಾಡಲೂ ಬಹುದು. ನಮ್ಮಲ್ಲಿ ಆದದ್ದು ಅದೇ. ಎರಡನೆಯ ಸಲ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆಯನ್ನು, ಬದಲಿಸಿದ ಮೇಲೆ ಸ್ಟೀರಿಂಗ್ ನೇರವಾಯಿತು, ಗಾಡಿಯ ನಡಿಗೆ ಹಾಗೇ ಉಳಿಯಿತು, ತಿಂಗಳೊಳಗೆ ಮುಂದಿನ ಎಡ ಟೈರಿನ ಹೊರ ಅಂಚು ಗರಗಸದ ಹಲ್ಲಿನಂತೆ ಸವೆಯಿತು. ಕೈಯನ್ನು ಒಂದು ದಿಕ್ಕಿನಲ್ಲಿ ಸವರಿದರೆ ನುಣುಪು, ಹಿಮ್ಮುಖ ಸವರಿದರೆ ತರಚು. ನಾಲ್ಕೂ ಚಕ್ರಗಳನ್ನು ಅಳೆದು ಹಿಂದಿನ ಆಕ್ಸಲ್ ಯಾವ ಕಡೆ ಮುಖ ಮಾಡಿದೆ ಎಂದು ತೋರಿಸುವ ಯಂತ್ರಗಳೂ ಇವೆ. ಅಂಥದ್ದಿರುವ ಅಂಗಡಿಯಾದರೆ ನನ್ನ ತಕರಾರಿನ ಅರ್ಧ ಭಾಗ ಬಿದ್ದುಹೋಗುತ್ತದೆ. ಉಳಿದರ್ಧ ಏಕೆ ಉಳಿಯುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಶಾಕ್ ಅಬ್ಸಾರ್ಬರ್ ವಿಷಯ ಅಷ್ಟು ಉದ್ದವಿಲ್ಲ. ಹಳೆಯದರ ಮೈ ಮೇಲೆ ಎಣ್ಣೆ ಇಳಿದಿತ್ತು, ಬದಲಾಯಿಸುವುದು ತಪ್ಪೇನಲ್ಲ. ಒಂದು ಜೋಡಿಗೆ ಕೂಲಿ ಸೇರಿ 4,600 ರೂಪಾಯಿ ಆಯಿತು. ಎರೆ ಮಣ್ಣಿನ ಮೇಲೆ ಹಾಕಿದ ರಸ್ತೆಗಳು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಅಲೆಅಲೆಯಾಗುತ್ತವೆ. ಅಂಥ ರಸ್ತೆಯಲ್ಲಿ ಗಾಡಿ ತೊಟ್ಟಿಲಿನಂತೆ ತೂಗುವುದು ನಿಂತಿತು. ಆದರೆ ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದೂ ಇಲ್ಲ. ಕಮಾನಿನ ಕುಣಿತವನ್ನು ಅಡಗಿಸುವುದಷ್ಟೇ ಅದರ ಕೆಲಸ. ಬಲಕ್ಕೆ ಎಳೆಯುವ ಚಾಳಿ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಹಿಂಭಾಗವನ್ನು ಕೈಯಿಂದ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ನೋಡುವ ಪರೀಕ್ಷೆ ಕಾರಿಗೆ ಸರಿ; ಭಾರ ಹೊರುವ ಗಟ್ಟಿ ಕಮಾನಿನ ಪಿಕಪ್ಪು ಖಾಲಿ ಇದ್ದಾಗ ಇಬ್ಬರು ಒತ್ತಿದರೂ ಸರಿಯಾಗಿ ಬಗ್ಗುವುದಿಲ್ಲ, ಹಾಗಾಗಿ ಆ ಪರೀಕ್ಷೆಯನ್ನು ನಂಬಬಾರದು.

ಕೊನೆಗೆ ಮೇಸ್ತ್ರಿಯ ತಗಡಿನ ಶೆಡ್ಡಿಗೆ ಹೋದೆವು. ಆತ ಗಾಡಿಯನ್ನು ಜಾಕಿಗೆ ಏರಿಸಲಿಲ್ಲ, ಟಾರ್ಚನ್ನೂ ತೆಗೆಯಲಿಲ್ಲ. ತಮ್ಮನಿಗೆ ನೇರ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಹೋಗಲು ಹೇಳಿ, ತಾನು ನನ್ನ ಬೈಕಿನ ಹಿಂದೆ ಕುಳಿತು ಗಾಡಿಯನ್ನು ಹಿಂದಿನಿಂದ ನೋಡಿದ. ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಇರಲಿಲ್ಲ. ಹಿಂಭಾಗ ಎಡಕ್ಕೆ ಸರಿದು, ಮೂತಿ ಬಲಕ್ಕೆ ತಿರುಗಿ, ಗಾಡಿ ಓರೆಯಾಗಿಯೇ ಮುಂದೆ ಸಾಗುತ್ತಿತ್ತು. "ಅಚ್ಚು ಸರದೈತ್ರಿ ಅಣ್ಣಾರ. ಅಚ್ಚು ಸರದ ಬಂಡಿಗೆ ಎತ್ತು ಬದ್ಲಿ ಮಾಡಿದ್ರ ಏನಾಕ್ಕೈತ್ರಿ?" ಎಂದ. ಶಾಕ್ ಅಬ್ಸಾರ್ಬರಿನ ಬಿಲ್ಲು ನನ್ನ ಅಂಗಿಯ ಜೇಬಿನಲ್ಲೇ ಇತ್ತು.

ಶೆಡ್ಡಿಗೆ ಮರಳಿದ ಮೇಲೆ ಮುಂದಿನ ಚಕ್ರಗಳಿಗೆ ದೊಡ್ಡ ಕಲ್ಲು ಕೊಟ್ಟ. ಬಲಬದಿಯ ಕಮಾನಿನಿಂದ ಅದರ ಕೆಳಗಿನ ಆಕ್ಸಲ್ ಗದ್ದುಗೆಯವರೆಗೆ (ಆಕ್ಸಲಿನ ಮೇಲೆ ಕಮಾನು ಕೂರುವ ಜಾಗ) ಸೀಮೆಸುಣ್ಣದಿಂದ ಒಂದೇ ನೇರ ಗೆರೆ ಎಳೆದ. ಎಲ್ಲರನ್ನೂ ಪಕ್ಕಕ್ಕೆ ನಿಲ್ಲಿಸಿ, ಮೊದಲನೆಯ ಗೇರಿನಲ್ಲಿ ಅರ್ಧ ಕ್ಲಚ್ಚು ಬಿಡಲು ತಮ್ಮನಿಗೆ ಹೇಳಿದ. ಗೆರೆ ಎರಡು ತುಂಡಾಯಿತು. ಕೆಳಗಿನ ತುಂಡು ಮುಂದಕ್ಕೆ ಜಾರಿ ನಿಂತಿತು; ಅಳೆದಾಗ ಒಂದೂವರೆ ಸೆಂಟಿಮೀಟರ್. ರಿವರ್ಸ್ ಗೇರಿಗೆ ಹಾಕಿದಾಗ ಟಣ್ ಎಂಬ ಸದ್ದಿನೊಂದಿಗೆ ಗೆರೆ ಮತ್ತೆ ಕೂಡಿತು. ಎಡಬದಿಯಲ್ಲಿ ಗೆರೆ ಅಲುಗಲಿಲ್ಲ.

ಅಲೈನ್‌ಮೆಂಟ್ ಯಂತ್ರದ ಬಗ್ಗೆ ಉಳಿದ ಅರ್ಧ ತಕರಾರು ಇದೇ. ಎಂಜಿನ್ ಎಳೆಯುವಾಗ ಆಕ್ಸಲ್ ಮುಂದಕ್ಕೆ ಜಾರುತ್ತದೆ, ಬ್ರೇಕ್ ಹಿಡಿದಾಗ ಹಿಂದಕ್ಕೆ ಬರುತ್ತದೆ. ಅಂಗಡಿಯೊಳಗೆ ಬ್ರೇಕ್ ಹಿಡಿದು ನಿಲ್ಲಿಸಿದ ಖಾಲಿ ಗಾಡಿಯಲ್ಲಿ ಅದು ಹೆಚ್ಚುಕಡಿಮೆ ತನ್ನ ಜಾಗದಲ್ಲೇ ಇರುತ್ತದೆ. ನಿಂತ ಗಾಡಿಯನ್ನು ಎಷ್ಟು ನಿಖರವಾಗಿ ಅಳೆದರೂ ನಡೆಯುವಾಗ ಮಾತ್ರ ಆಗುವ ತಪ್ಪು ಸಿಗುವುದಿಲ್ಲ.

ಬಿಚ್ಚಿದಾಗ ಕಾರಣ ಕಂಡಿತು. ಕಮಾನಿನ ಪ್ಲೇಟುಗಳನ್ನೆಲ್ಲ ಪೋಣಿಸುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಗದ್ದುಗೆಯ ತೂತಿನಲ್ಲಿ ಕೂರುತ್ತದೆ. ಆಕ್ಸಲ್ ಹಿಂದೆ ಮುಂದೆ ಹೋಗದಂತೆ ಜಾಗ ತೋರಿಸುವುದು ಅದು. ಆದರೆ ಬಿಗಿಯಾಗಿ ಅದುಮಿ ಹಿಡಿಯುವ ಕೆಲಸ ಕಮಾನನ್ನು ಆಕ್ಸಲಿಗೆ ಕಟ್ಟುವ, U ಆಕಾರದ ಯು ಬೋಲ್ಟುಗಳದ್ದು. ಹೆಚ್ಚುವರಿ ಪ್ಲೇಟು ಬಂದಾಗ ಕಟ್ಟು ದಪ್ಪವಾಗಿತ್ತು, ಅಂಗಡಿಯವರು ಹಳೆಯ ಯು ಬೋಲ್ಟುಗಳನ್ನೇ ಮತ್ತೆ ಬಳಸಿದ್ದರು. ನಟ್ಟಿನ ಕೊನೆಯ ಸುತ್ತುಗಳಿಗೆ ಬೋಲ್ಟಿನ ತಿರುಪೇ ಸಾಕಾಗಿರಲಿಲ್ಲ. ಪ್ಲೇಟುಗಳು ಒಂದರ ಮೇಲೊಂದು ಕೂತು ಬಿಗಿ ಸಡಿಲವಾಗಿದೆ, ಯು ಬೋಲ್ಟ್ ಹೊರಬೇಕಾದ ಹೊರೆ ಸೆಂಟರ್ ಬೋಲ್ಟಿನ ಮೇಲೆ ಬಿದ್ದಿದೆ, ಅದು ಕತ್ತರಿಸಿದೆ. ತುಂಡಾದ ತಲೆಯನ್ನು ಮೇಸ್ತ್ರಿ ನನ್ನ ಅಂಗೈಯಲ್ಲಿಟ್ಟ: ಒಂದು ಬದಿ ತುಕ್ಕು ಹಿಡಿದು ಕಪ್ಪಾಗಿತ್ತು, ಇನ್ನೊಂದು ಬದಿ ಹೊಸ ಕಾಸಿನಂತೆ ಹೊಳೆಯುತ್ತಿತ್ತು. ಅಂದರೆ ಅರ್ಧ ಬಿರುಕು ಹಳೆಯದು, ಉಳಿದರ್ಧ ಈಚೆಗೆ ಹೋದದ್ದು. ಗದ್ದುಗೆಯ ಸುತ್ತ ಕಂದು ಪುಡಿ ಮೆತ್ತಿಕೊಂಡಿತ್ತು. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಗುರುತು ಅದು. ವಾರಕ್ಕೊಮ್ಮೆ ಗಾಡಿ ತೊಳೆಯುವಾಗ ಆ ಪುಡಿಯನ್ನೂ ನಾವೇ ತೊಳೆದುಹಾಕುತ್ತಿದ್ದೆವು.

ಹೊಸ ಸೆಂಟರ್ ಬೋಲ್ಟುಗಳು, ಅಳತೆಗೆ ತಕ್ಕ ಉದ್ದದ ನಾಲ್ಕು ಯು ಬೋಲ್ಟುಗಳು, ಕಮಾನಿನ ತುದಿಗಳಲ್ಲಿ ಕೂರುವ ರಬ್ಬರ್ ಬುಷ್ಷುಗಳು, ಕೂಲಿ ಎಲ್ಲ ಸೇರಿ 4,200 ರೂಪಾಯಿ ಆಯಿತು. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಮೇಸ್ತ್ರಿ ಗಾಡಿ ನೆಲಕ್ಕಿಳಿದು ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಬಿಗಿದ. ಜಾಕಿಯ ಮೇಲೆ ತೂಗುತ್ತಿರುವಾಗ ಬಿಗಿದರೆ ಗಾಡಿ ಇಳಿದಾಗ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೆಚ್ಚುವರಿ ಪ್ಲೇಟನ್ನು ತೆಗೆದು, ಖಾಲಿ ಇದ್ದಾಗ ಕೆಲಸಕ್ಕೆ ಬಾರದೆ ಭಾರ ಬಿದ್ದಾಗ ಮಾತ್ರ ತಾಗುವಂಥ ಚಪ್ಪಟೆ ಪ್ಲೇಟನ್ನು ಕಟ್ಟಿನ ಅಡಿಗೆ ಹಾಕಿದ. ನಮ್ಮ ಗಾಡಿ ಮರಳುವಾಗ ಬಹುತೇಕ ಖಾಲಿಯೇ ಬರುವುದರಿಂದ ಇದು ನಮಗೆ ಹೊಂದಿತು.

ಇನ್ನೊಂದು ಮಾತನ್ನು ಸರ್ವೀಸ್ ಸೆಂಟರಿನ ಪರವಾಗಿ ಹೇಳಲೇಬೇಕು, ಏಕೆಂದರೆ ಮೇಸ್ತ್ರಿಗೆ ಅದು ಹೊಳೆದಿರಲಿಲ್ಲ. ನಮ್ಮ ಗಾಡಿಯಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡುವ ಒಂದು ವಾಲ್ವ್ ಇದೆ. ಆಕ್ಸಲಿಗೂ ಚಾಸಿಗೂ ನಡುವಿನ ಅಂತರವನ್ನು ಒಂದು ಕಡ್ಡಿಯ ಮೂಲಕ ಅಳೆದೇ ಅದು ಭಾರವನ್ನು ತಿಳಿಯುತ್ತದೆ. ಕಮಾನಿಗೆ ಪ್ಲೇಟು ಸೇರಿಸಿ ಹಿಂಭಾಗ ಎತ್ತಿದರೆ, 20 ಚೀಲ ಇದ್ದರೂ ಗಾಡಿ ಅರ್ಧ ಖಾಲಿ ಎಂದು ವಾಲ್ವ್ ಭ್ರಮಿಸಿ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಇದನ್ನು ಸರ್ವೀಸ್ ಸೆಂಟರಿನ ಹಿರಿಯ ಮೆಕ್ಯಾನಿಕ್ ಒಬ್ಬರು ಶಾಕ್ ಅಬ್ಸಾರ್ಬರ್ ಹಾಕುವಾಗಲೇ ಹೇಳಿ, ಕಡ್ಡಿಯನ್ನು ಹಣ ಪಡೆಯದೆ ಹೊಂದಿಸಿಕೊಟ್ಟಿದ್ದರು. ಪ್ಲೇಟು ಬದಲಾದ ಮೇಲೆ ಮತ್ತೆ ಅವರ ಬಳಿಗೇ ಹೋಗಿ ಹೊಂದಿಸಿಕೊಂಡು ಬಂದೆ. ಹಿಂಭಾಗ ಎತ್ತಿದಾಗ ಮುಂದಿನ ಚಕ್ರಗಳ ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಕ್ಷದ ಹಿಂದಕ್ಕಿನ ಓರೆ) ಕಡಿಮೆಯಾಗಿ ಸ್ಟೀರಿಂಗ್ ಹಗುರಾಗುವುದೂ ಉಂಟು. ಚೀಲಗಳನ್ನು ಹಿಂದಿನ ಆಕ್ಸಲಿನ ಆಚೆಗೆ ಒಟ್ಟಿದರೂ ಮುಂದಿನ ಚಕ್ರಗಳ ಮೇಲಿನ ಭಾರ ಇಳಿದು ಸ್ಟೀರಿಂಗ್ ಹಗುರಾಗುತ್ತದೆ.

ವಾರದಲ್ಲಿ ಆರು ದಿನ ಭಾರ ಹೇರಿ, ಗಂಟೆಗೆ 60 ಕಿ.ಮೀ. ಮೀರದೆ, ಇಪ್ಪತ್ತು ಮೂವತ್ತು ಕಿಲೋಮೀಟರಿನ ಸುತ್ತಿನಲ್ಲೇ ಓಡಿಸುವ ನನ್ನಂಥವನು ಮೊದಲು ಮೇಸ್ತ್ರಿಯ ಬಳಿಗೆ ಹೋಗುತ್ತಾನೆ, ಅದು ಸರಿಯಾದ ಮೇಲೆ ಅಲೈನ್‌ಮೆಂಟ್ ಮಾಡಿಸುತ್ತಾನೆ, ಎಣ್ಣೆ ಇಳಿದಿದ್ದರೆ ಮಾತ್ರ ಶಾಕ್ ಅಬ್ಸಾರ್ಬರಿಗೆ ಹಣ ಹಾಕುತ್ತಾನೆ. ಹಗುರ ಸರಕು ಹೇರಿ ಹೆದ್ದಾರಿಯಲ್ಲಿ ಬಳ್ಳಾರಿ, ಹುಬ್ಬಳ್ಳಿಯೆಂದು ವೇಗವಾಗಿ ಓಡುವವರಿಗೆ ಶಾಕ್ ಅಬ್ಸಾರ್ಬರಿನ ಸರದಿ ಮೊದಲು ಬರಬಹುದು. ವಾರಂಟಿ ಇನ್ನೂ ಉಳಿದಿರುವ ಗಾಡಿಗೆ ರಸ್ತೆ ಬದಿಯಲ್ಲಿ ಪ್ಲೇಟು ಹಾಕಿಸುವ ಸಲಹೆಯನ್ನು ನಾನು ಕೊಡುವುದಿಲ್ಲ.

ಕೆಲಸ ಮುಗಿದ ಮೇಲೆ ಮೇಸ್ತ್ರಿ ಯು ಬೋಲ್ಟಿನ ಎಂಟೂ ನಟ್ಟುಗಳ ಮೇಲೆ, ಪಕ್ಕದ ಪ್ಲೇಟಿಗೂ ತಾಗುವಂತೆ, ಹಳದಿ ಬಣ್ಣದ ಒಂದೊಂದು ಗೆರೆ ಎಳೆದು, ಐನೂರು ಕಿಲೋಮೀಟರ್ ಓಡಿದ ಮೇಲೆ ಬರಬೇಕೆಂದು ಹೇಳಿದ್ದ. ಅಷ್ಟು ಓಡಿದ ಮೇಲೆ ಸೋಮವಾರ ಗಾಡಿ ತೊಳೆಯುವಾಗ ತಮ್ಮ ಬಗ್ಗಿ ನೋಡಿದ. ಬಲಬದಿಯ ಒಂದು ನಟ್ಟಿನ ಗೆರೆ ಮುರಿದಿತ್ತು. ಶೆಡ್ಡಿಗೆ ಹೋದಾಗ ಮೇಸ್ತ್ರಿ ಉದ್ದ ಪಾನಾ ಹಾಕಿ ಕಾಲು ಸುತ್ತು ಬಿಗಿದು, ಹಳೆಯ ಗೆರೆಯನ್ನು ಬಟ್ಟೆಯಿಂದ ಒರೆಸಿ ಹೊಸದನ್ನು ಎಳೆದ. ಕೂಲಿ ಕೊಡಹೋದರೆ ಚಹಾ ತರಿಸಲು ಹೇಳಿದ.