ಬಲಮುರಿಗೆ ಹೊರಟವನು ಎಡಮುರಿ ತಿಳಿಯದೆ ಕೆಟ್ಟೆ

ಸೈಕಲ್ಲಿನ ಬಾಟಮ್ ಬ್ರಾಕೆಟ್ (ಪೆಡಲಿನ ತೋಳುಗಳ ಅಚ್ಚು ತಿರುಗುವ, ಫ್ರೇಮಿನ ಬುಡದ ಬೇರಿಂಗ್ ಜೋಡಣೆ) ಬದಲಾಯಿಸಲು ಅಂಗಡಿಗೆ ಕೊಡಬೇಕೆಂದಿರುವವರು ಕೊಡುವ ಮುನ್ನ ಇದನ್ನು ಓದಿ. 1,500 ರೂಪಾಯಿಯ ಬಿಡಿಭಾಗದ ನೆಪದಲ್ಲಿ ನಾನು ಒಂದು ಒಳ್ಳೆಯ ಅಲ್ಯೂಮಿನಿಯಂ ಫ್ರೇಮನ್ನೇ ಗುಜರಿಗೆ ಹಾಕುವುದರಲ್ಲಿದ್ದೆ. ತಪ್ಪು ಅಂಗಡಿಯವರದು ಅರ್ಧ, ಉಳಿದರ್ಧ ನನ್ನದು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸೈಕಲ್ಲಿನ ಹಳೆಯ ಬೇರಿಂಗುಗಳು ಮರಳು ಅರೆಯುವಂತೆ ಸದ್ದು ಮಾಡತೊಡಗಿದ್ದವು. ಮೈಸೂರಿನ ಒಂದು ಅಂಗಡಿಗೆ ಒಯ್ದೆ. ನನ್ನದು ಫ್ರೇಮಿನ ಹೊರಗೆ ಕಾಣುವ ಕಪ್ಪುಗಳಿರುವ, ಅಂದರೆ ಬೇರಿಂಗ್ ಹಿಡಿದು ಫ್ರೇಮಿಗೆ ತಿರುಪಿ ಕೂರುವ ಬಟ್ಟಲುಗಳಿರುವ, ಶಿಮಾನೊ ಮಾದರಿ. ಅಲ್ಲಿದ್ದ ಹುಡುಗ ಹತ್ತೇ ನಿಮಿಷದಲ್ಲಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ. ಕಪ್ಪುಗಳು ಕೂರುವ ಫ್ರೇಮಿನ ಕೊಳವೆಯೊಳಗಿನ ಥ್ರೆಡ್ಡಿನಲ್ಲಿ ಕೆಸರು ಒಣಗಿ ಕೂತಿತ್ತು. ಅದನ್ನು ಒರೆಸಲಿಲ್ಲ, ಗ್ರೀಸ್ ಸವರಲಿಲ್ಲ. ಎಷ್ಟು ಬಿಗಿ ಮಾಡಿದೆ ಎಂದು ಕೇಳಿದ್ದಕ್ಕೆ, "ಕೈಗೆ ಗೊತ್ತಾಗುತ್ತದೆ ಸಾರ್" ಎಂದ. ಅವನ ಆತ್ಮವಿಶ್ವಾಸಕ್ಕೆ ಮರುಳಾಗಿ ಸುಮ್ಮನಾದೆ. ಕೊನೆಗೆ ಎಡಗಡೆಯ ಪುಟ್ಟ ಪ್ಲಾಸ್ಟಿಕ್ ಮುಚ್ಚಳವನ್ನು ಇಕ್ಕಳದಲ್ಲಿ ಹಿಡಿದು, ಇನ್ನು ತಿರುಗದು ಎನ್ನುವವರೆಗೂ ತಿರುಗಿಸಿದ.

ಆ ಮುಚ್ಚಳ ಇರುವುದು ಕ್ರ್ಯಾಂಕಿನ, ಅಂದರೆ ಪೆಡಲ್ ಹಿಡಿದಿರುವ ತೋಳಿನ, ಅಲುಗಾಟವನ್ನು ತೆಗೆಯುವುದಕ್ಕೆ ಮಾತ್ರ. ಅದಕ್ಕೆ ಬೇಕಾದದ್ದು 0.7ರಿಂದ 1.5 ನ್ಯೂಟನ್ ಮೀಟರ್, ಅಂದರೆ ಬೆರಳ ತುದಿಯ ಬಲ. ಇಕ್ಕಳದಲ್ಲಿ ಹಿಂಡಿದರೆ ಬೇರಿಂಗುಗಳು ಎರಡೂ ಬದಿಯಿಂದ ಒತ್ತಿ ಸಾಯುತ್ತವೆ. ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ಬಿಟ್ಟರೆ ಒಂದು ಸುತ್ತೂ ಪೂರ್ತಿ ಬರುತ್ತಿರಲಿಲ್ಲ. ಹೊಸತಲ್ಲವೇ, ಪಳಗಲಿ ಎಂದುಕೊಂಡೆ.

ಮೂರನೆಯ ವಾರದಲ್ಲಿ ಪ್ರತಿ ತುಳಿತಕ್ಕೂ ಕಟ್ ಎನ್ನುವ ಸದ್ದು ಶುರುವಾಯಿತು. ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿದೆ. ಸೀಟಿನ ಕಂಬ ಒರೆಸಿದೆ. ಚೈನು ತೊಳೆದೆ. ಸದ್ದು ನಿಲ್ಲಲಿಲ್ಲ. ಸೈಕಲ್ಲಿನಲ್ಲಿ ಸದ್ದು ಹುಟ್ಟುವುದು ಒಂದು ಕಡೆ, ಕೇಳಿಸುವುದು ಇನ್ನೊಂದು ಕಡೆ. ಅದೇ ಸ್ಥಿತಿಯಲ್ಲಿ ಒಂದು ಭಾನುವಾರ ಕೆ.ಆರ್.ಎಸ್. ರಸ್ತೆ ಹಿಡಿದು ಕಾವೇರಿ ದಡದ ಬಲಮುರಿಗೆ ಹೊರಟೆ.

ಊರು ದಾಟಿ ಸ್ವಲ್ಪ ಹೊತ್ತಿಗೆ ಕ್ರ್ಯಾಂಕು ಒಲೆಯುತ್ತಿರುವುದು ಕಾಲಿಗೇ ತಿಳಿಯಿತು. ಇಳಿದು ಬಗ್ಗಿ ನೋಡಿದರೆ ಬಲಗಡೆಯ ಕಪ್ಪು ಮತ್ತು ಫ್ರೇಮಿನ ನಡುವೆ ಬೆಳ್ಳಗೆ ಒಂದು ಗೆರೆ. ಥ್ರೆಡ್ಡು ಹೊರಗೆ ಇಣುಕುತ್ತಿತ್ತು. ಅಲ್ಲೇ ಸೈಕಲ್ ತಳ್ಳಿಕೊಂಡು ಬಂದು ಗುಜರಿಗಾಡಿಗೆ ಕೊಟ್ಟಿದ್ದರೂ ಇಷ್ಟು ತಲೆನೋವಾಗುತ್ತಿರಲಿಲ್ಲವೇನೋ. ನಾನು ದಾರಿಬದಿಯ ಪಂಕ್ಚರ್ ಅಂಗಡಿಗೆ ಹೋದೆ. ಅಲ್ಲಿನ ಯಜಮಾನರು ಒಳ್ಳೆಯವರು. ಪೈಪ್ ರೆಂಚ್ ತಂದು, ಕಪ್ಪಿಗೆ ಬಟ್ಟೆ ಸುತ್ತಿ ಹಿಡಿದು, ಬಲಕ್ಕೆ ತಿರುಗಿಸಿದರು. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ: ನಲ್ಲಿ, ಡಬ್ಬದ ಮುಚ್ಚಳ, ಸ್ಕೂಟರಿನ ನಟ್ಟು, ಎಲ್ಲವೂ ನಮಗೆ ಕಲಿಸಿರುವುದು ಅದನ್ನೇ. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಅರ್ಧ ಸುತ್ತು ಹೋಗಿ ಕಪ್ಪು ಗಟ್ಟಿಯಾಗಿ ನಿಂತಿತು. "ಬಿಗಿಯಾಯಿತು ನೋಡಿ" ಎಂದರು. ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಅದು ಬಿಗಿಯಾಗಿರಲಿಲ್ಲ. ಬಲಗಡೆಯ ಕಪ್ಪು ಎಡಮುರಿ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಉಲ್ಟಾ ಥ್ರೆಡ್ಡಿನದು. ಅವರು ಅದನ್ನು ಇನ್ನಷ್ಟು ಹೊರಗೆ ಬಿಚ್ಚಿದ್ದರು. ಹೊರಗೆ ಬಂದ ಕಪ್ಪು ಕ್ರ್ಯಾಂಕಿಗೆ ಒತ್ತಿ ನಿಂತದ್ದೇ ನಮ್ಮಿಬ್ಬರಿಗೂ ಬಿಗಿಯಾದಂತೆ ಕಂಡಿತ್ತು. ಉಳಿದ ನಾಲ್ಕೈದು ಸುತ್ತು ಥ್ರೆಡ್ಡಿನ ಮೇಲೆ ನನ್ನ ಎಂಬತ್ತು ಕಿಲೊ ಹೊತ್ತು ಮುಂದಿನ ಉಬ್ಬು ಏರುವಾಗ ಕಪ್ಪು ಓರೆಯಾಗಿ ಕಚ್ಚಿಕೊಂಡಿತು. ಅಲ್ಯೂಮಿನಿಯಂ ಚೂರುಗಳು ಸುರುಳಿ ಸುರುಳಿಯಾಗಿ ಉದುರಿದವು. ಬಲಮುರಿ ಇನ್ನೆರಡು ಕಿಲೊಮೀಟರ್ ಇತ್ತು. ಅಲ್ಲೇ ಹತ್ತಿರದಲ್ಲಿ ಎಡಮುರಿ ಎಂಬ ಜಾಗವೂ ಇದೆ. ಕಾವೇರಿ ಅವತ್ತು ನನ್ನನ್ನು ನೋಡಿ ನಕ್ಕಿರಬೇಕು. ಲಗೇಜ್ ಆಟೊದಲ್ಲಿ ಮನೆಗೆ ಬಂದೆ.

ಒಂದು ಬದಿ ಬಲಮುರಿ, ಇನ್ನೊಂದು ಬದಿ ಎಡಮುರಿ ಏಕೆ? ರುಬ್ಬುವ ಕಲ್ಲನ್ನು ನೆನಪಿಸಿಕೊಳ್ಳಿ. ಗುಂಡನ್ನು ಒರಳಿನ ಅಂಚಿಗೆ ಒತ್ತಿ ಒಂದು ದಿಕ್ಕಿಗೆ ಸುತ್ತಿಸಿದರೆ, ಗುಂಡು ತಾನು ಮಾತ್ರ ಹಿಮ್ಮುಖವಾಗಿ ಉರುಳುತ್ತದೆ. ಕಪ್ಪಿಗೂ ಕೊಳವೆಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ, ತುಳಿತದ ಒತ್ತಡ ಸುತ್ತು ಹಾಕಿದಂತೆಲ್ಲ ಕಪ್ಪು ಹೀಗೆಯೇ ಅಚ್ಚಿನ ವಿರುದ್ಧ ದಿಕ್ಕಿಗೆ ತೆವಳುತ್ತದೆ. ಆ ತೆವಳಿಕೆ ಬಿಗಿಯ ಕಡೆಗೇ ಆಗಲಿ ಎಂದು ಬಿಎಸ್ಎ ಎಂಬ ಇಂಗ್ಲಿಷ್ ಅಳತೆಯ ಕೊಳವೆಗಳಲ್ಲಿ ಚೈನಿನ ಬದಿಗೆ ಎಡಮುರಿ ಕೊಟ್ಟಿದ್ದಾರೆ. ಇಟಲಿಯ ಅಳತೆಯಲ್ಲಿ ಎರಡೂ ಬಲಮುರಿ. ಹಳೆಯ ಇಟಾಲಿಯನ್ ಸ್ಟೀಲ್ ಫ್ರೇಮು ಕೊಂಡವರಿಗೆ ಬಲಗಡೆಯ ಕಪ್ಪು ಸಡಿಲವಾಗುವ ಕಾಟ ಇರುವುದು ಅದಕ್ಕೇ. ನನ್ನದು ಬಿಎಸ್ಎ ಆಗಿದ್ದರೂ ಬಿಚ್ಚಿಕೊಂಡದ್ದಕ್ಕೆ ಆ ಇಕ್ಕಳ ಕಾರಣ. ಬೇರಿಂಗ್ ಹಿಡಿದುಕೊಂಡರೆ ಅಚ್ಚು ಕಪ್ಪನ್ನು ತನ್ನ ದಿಕ್ಕಿಗೇ ಎಳೆಯುತ್ತದೆ, ಅದು ಬಿಚ್ಚುವ ದಿಕ್ಕು. ಸರಿಯಾಗಿ ಬಿಗಿ ಮಾಡಿದ್ದರೆ ತಡೆಯುತ್ತಿತ್ತು. ಅದೂ ಇರಲಿಲ್ಲ.

ನಮ್ಮ ಅನುಭವಿ ಮೆಕ್ಯಾನಿಕ್‌ಗಳಿಗೂ ಇದು ಗೊತ್ತಿಲ್ಲದಿರುವುದಕ್ಕೆ ಒಂದು ಕಾರಣ ಇದೆ ಎನಿಸುತ್ತದೆ. ಕಾಟರ್ ಪಿನ್ನಿನ (ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಬೆಣೆಯ) ಹಳೆಯ ಸೈಕಲ್ಲುಗಳಲ್ಲಿ ಬಲಗಡೆಯ ಕಪ್ಪನ್ನು ಯಾರೂ ಸುಲಭಕ್ಕೆ ಬಿಚ್ಚುತ್ತಿರಲಿಲ್ಲ. ಎಡಗಡೆಯ ರಿಂಗು ಮತ್ತು ಕಪ್ಪು ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ ಮುಚ್ಚುತ್ತಿದ್ದರು. ಎಡಮುರಿಯ ಗೊಡವೆಯೇ ಬರುತ್ತಿರಲಿಲ್ಲ.

ಲೇತ್ ಅಂಗಡಿಯವರೊಬ್ಬರು ಫ್ರೇಮು ನೋಡಿ, ಈ ಅಳತೆಯ ಟ್ಯಾಪೇ (ಥ್ರೆಡ್ಡು ಕೊರೆಯುವ ಉಪಕರಣ) ತಮ್ಮಲ್ಲಿಲ್ಲ, ಅದರಲ್ಲೂ ಉಲ್ಟಾ ಥ್ರೆಡ್ಡೇ ಎಂದು ಕೈ ಮುಗಿದರು. ಅವರ ಪ್ರಾಮಾಣಿಕತೆಯೇ ಫ್ರೇಮನ್ನು ಉಳಿಸಿತು. ಬಿಎಸ್ಎ ಥ್ರೆಡ್ಡು 1.37 ಇಂಚು ವ್ಯಾಸ, ಇಂಚಿಗೆ 24 ಎಳೆ; ಸಾಮಾನ್ಯ ಟ್ಯಾಪು ತುರುಕಿದ್ದರೆ ಕಥೆ ಮುಗಿಯುತ್ತಿತ್ತು. ಕೊನೆಗೆ ಬೆಂಗಳೂರಿನಲ್ಲಿ ಜೋಡಿ ಟ್ಯಾಪು ಇಟ್ಟುಕೊಂಡವರು ಸಿಕ್ಕರು. ಎರಡೂ ಬದಿಯಿಂದ ಒಟ್ಟಿಗೆ ತೂರಿಸಿ, ಒಂದಕ್ಕೊಂದು ನೇರವಾಗಿ ಥ್ರೆಡ್ಡನ್ನು ಮತ್ತೆ ಕೊರೆದರು. ಹೊರಗಿನ ಎರಡು ಎಳೆ ಹೋಗಿವೆ, ಒಳಗಿನವು ಉಳಿದಿವೆ.

ಆಮೇಲೆ ಕಪ್ಪುಗಳನ್ನು ನಾನೇ ಕೂರಿಸಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ, ಒಣಬಟ್ಟೆ, ಥ್ರೆಡ್ಡು ಹೊಳೆಯುವವರೆಗೂ. ಕೊಳವೆಯ ಅಂಚಿನಲ್ಲಿದ್ದ ಪೇಂಟಿನ ಗಡ್ಡೆಯನ್ನೂ ಕೆರೆದೆ, ಕಪ್ಪಿನ ಅಂಚು ಸುತ್ತಲೂ ಸಮನಾಗಿ ತಾಗದಿದ್ದರೆ ಎಷ್ಟು ಬಿಗಿದರೂ ಕದಲುತ್ತದೆ. ಗ್ರೀಸ್ ಧಾರಾಳವಾಗಿ. ಗ್ರೀಸ್ ಹಚ್ಚಿದರೆ ಜಾರಿ ಬಿಚ್ಚಿಕೊಳ್ಳುತ್ತದೆ ಎನ್ನುವವರ ಮಾತು ಕೇಳಬೇಡಿ. ಒಣ ಥ್ರೆಡ್ಡಿನಲ್ಲಿ ನಿಮ್ಮ ಬಲವೆಲ್ಲ ಉಜ್ಜಾಟದಲ್ಲೇ ಖರ್ಚಾಗುತ್ತದೆ, ಕಪ್ಪು ಕಚ್ಚುವುದೇ ಇಲ್ಲ. ಮೊದಲ ಮೂರು ನಾಲ್ಕು ಸುತ್ತು ಬರಿಗೈಯಲ್ಲಿ ಹೋಗಬೇಕು. ಹೋಗದಿದ್ದರೆ ಓರೆಯಾಗಿದೆ ಎಂದೇ ಅರ್ಥ, ಹಿಂದಕ್ಕೆ ತೆಗೆಯಿರಿ, ರೆಂಚ್ ಮುಟ್ಟಬೇಡಿ. ನಂತರ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಾಯಿತು ಎಂದು ಅಳೆದು ತೋರಿಸುವ ರೆಂಚ್. ನನ್ನ ಕಪ್ಪಿಗೆ 35ರಿಂದ 50 ನ್ಯೂಟನ್ ಮೀಟರ್. ಕಾಲು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 16 ಕಿಲೊ ತೂಗಿಬಿಟ್ಟಷ್ಟು ಬಲ ಎಂದರೆ 40 ಆಯಿತು. ನನ್ನ ಕೈಯಂದಾಜಿಗೆ ಅದು ವಿಪರೀತ ಎನಿಸಿತು. ಅಂದಾಜಿನ ಯೋಗ್ಯತೆ ಅಷ್ಟೇ. ಎಡ ಕ್ರ್ಯಾಂಕಿನ ಎರಡು ಬೋಲ್ಟುಗಳಿಗೆ 12ರಿಂದ 14, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವಾಗಿ.

ಹಾಳಾದ ಹಳೆಯ ಕಪ್ಪನ್ನು ಸೀಮೆಎಣ್ಣೆಯಲ್ಲಿ ಒರೆಸಿದಾಗ ಅದರ ಮೇಲೆಯೇ ಬಿಗಿ ಮಾಡುವ ದಿಕ್ಕಿನ ಬಾಣ ಮತ್ತು 35–50 ಎಂಬ ಅಂಕಿ ಅಚ್ಚಾಗಿರುವುದು ಕಂಡಿತು. ಅಂಗಡಿಯ ಹುಡುಗ ಓದಲಿಲ್ಲ, ಪಂಕ್ಚರ್ ಅಂಗಡಿಯವರು ಬಟ್ಟೆ ಸುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ.

ಈಗ ಕಪ್ಪಿನಿಂದ ಫ್ರೇಮಿಗೆ ಅಡ್ಡಲಾಗಿ ಮಗಳ ನೈಲ್ ಪಾಲಿಶಿನಲ್ಲಿ ಒಂದು ಕೆಂಪು ಗೆರೆ ಎಳೆದಿದ್ದೇನೆ. ಕಪ್ಪು ಕದಲಿದರೆ ಗೆರೆ ಮುರಿಯುತ್ತದೆ. 600 ಕಿಲೊಮೀಟರ್ ಆಯಿತು, ಮುರಿದಿಲ್ಲ.