ಮೈಸೂರು ಸರಸ್ವತಿಪುರಂ ಕೌನ್ಸೆಲಿಂಗ್ ಸೆಂಟರ್: ಗಂಡಸ್ರು ಧಾರಾಳವಾಗಿ ಹೋಗಬಹುದು, 5ಕ್ಕೆ 4

ನಾನು ಮಂಡ್ಯದೋನು, ಮದುವೆ ಫಿಕ್ಸ್ ಆಗಿದೆ, ಹುಡುಗಿ ಮೈಸೂರಲ್ಲಿ ಕೆಲಸ ಮಾಡ್ತಾಳೆ. ಅವಳು ಮೆಸೇಜ್ ನೋಡಿ ರಿಪ್ಲೈ ಮಾಡ್ಲಿಲ್ಲ ಅಂದ್ರೆ ಸಾಕು ನಂಗೆ ಎದೆ ಹೊಡ್ಕೊಳೋಕೆ ಶುರುವಾಗುತ್ತೆ, ಊಟ ಸೇರಲ್ಲ, ಬಿಟ್ಟೋಗ್ತಾಳೇನೋ ಅನ್ನೋದೊಂದೇ ತಲೇಲಿ. ಫ್ರೆಂಡ್ಸ್‌ಗೆ ಹೇಳಿದ್ರೆ "ಒಂದು ಕ್ವಾರ್ಟರ್ ಹಾಕಂಡು ಮಲಿಕೊಳ್ಲಾ, ಬೆಳಿಗ್ಗೆ ಸರಿಹೋಯ್ತದೆ" ಅಂತಾರೆ. ಮನೇಲಿ ಬಾಯಿಬಿಡೋ ಹಂಗೇ ಇಲ್ಲ.

ಇಲ್ಲಿರೋ ಮೇಡಂ ಬುದ್ಧಿ ಹೇಳೋಕೆ ಬರ್ಲಿಲ್ಲ, ಅದೇ ನಂಗೆ ದೊಡ್ಡದು. ಚಿಕ್ಕವನಿದ್ದಾಗ ಅತ್ರೆ ಮನೇಲಿ ಯಾರು ಎತ್ಕೋತಿದ್ರು ಅಂತ ಕೇಳಿದ್ರು, ಆ ಪ್ರಶ್ನೆ ನಂಗೆ ಇದುವರೆಗೂ ಯಾರೂ ಕೇಳಿರ್ಲಿಲ್ಲ. ಚಿಕ್ಕಂದಿನಲ್ಲಿ ನೋಡ್ಕೊಂಡೋರ ಜೊತೆ ಬೆಳೆಯೋ ನಂಟನ್ನ ಅಟ್ಯಾಚ್‌ಮೆಂಟ್ ಅಂತಾರಂತೆ, ಬೌಲ್ಬಿ ಅನ್ನೋ ಇಂಗ್ಲೆಂಡ್ ಡಾಕ್ಟ್ರು ಮಕ್ಕಳನ್ನ ನೋಡಿ ಹೇಳಿದ್ದು, ಆಮೇಲೆ 1987ರಲ್ಲಿ ಹಜಾನ್ ಮತ್ತೆ ಶೇವರ್ ಅಂತ ಇಬ್ರು ದೊಡ್ಡೋರ ಪ್ರೀತಿಯಲ್ಲೂ ಹಿಂಗೇ ಇರುತ್ತೆ ಅಂತ ತೋರಿಸಿದ್ರಂತೆ. ಕೆಲವ್ರು ನನ್ ಥರ ಅಂಟ್ಕೊಂಡು ಭಯ ಬೀಳ್ತಾರೆ, ಇನ್ನು ಕೆಲವ್ರು ಹತ್ರ ಬಂದ್ರೇನೇ ದೂರ ಸರೀತಾರೆ, ನಮ್ಮಪ್ಪನ ತಲೆಮಾರಲ್ಲಿ ಎರಡನೇ ಥರದೋರೇ ಜಾಸ್ತಿ ಅಂತ ನಂಗನ್ಸುತ್ತೆ. ಎರಡೂ ಕಾಯಿಲೆ ಅಲ್ಲ, ನಿಧಾನಕ್ಕೆ ಬದಲಾಯಿಸ್ಕೋಬಹುದು ಅಂದ್ರು.

ನಮ್ಮ ಕಡೆ ಪರಿಸ್ಥಿತಿ ಅವ್ರಿಗೆ ಗೊತ್ತು, ಅದು ತುಂಬಾ ಮುಖ್ಯ. 2023ರಲ್ಲಿ ಮದ್ದೂರು ಕಡೆ ಹುಡುಗ್ರು ಹೆಣ್ಣು ಸಿಗ್ಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ರಲ್ಲ, ಟೀವಿಲಿ ನೋಡಿ ನಕ್ಕೋರೇ ಜಾಸ್ತಿ, ಆದ್ರೆ ಜಮೀನಿದ್ರೂ ಹೆಣ್ಣು ಕೊಡಲ್ಲ ಅಂತ ಕೇಳ್ಕೊಂಡೇ ಬೆಳೆದೋನಿಗೆ ಒಬ್ಳು ಒಪ್ಕೊಂಡ್ಳು ಅಂದಾಗ ಖುಷಿಗಿಂತ ಮೊದ್ಲು ಭಯಾನೇ ಬರೋದು. ಮೇಡಂ ಇದಕ್ಕೆ ನಗ್ಲಿಲ್ಲ, ಪೂರ್ತಿ ಹೇಳೋಕೆ ಬಿಟ್ರು.

ಮಾಡಿಸೋದು ಸಿಂಪಲ್ಲು. ಭಯ ಬಂದಾಗ ನಿಜವಾಗ್ಲೂ ಆಗಿದ್ದೇನು, ತಲೆ ಹೇಳ್ತಿರೋದೇನು ಅಂತ ಬೇರೆ ಬೇರೆ ಬರೀಬೇಕು, ಸ್ವಲ್ಪ ಹೊತ್ತು ಫೋನ್ ಮುಟ್ಟಬಾರ್ದು, ಆಮೇಲೆ ಜಗಳ ತೆಗೆಯೋ ಬದ್ಲು "ನಂಗೆ ಭಯ ಆಯ್ತು" ಅಂತ ನೇರವಾಗಿ ಹೇಳ್ಬೇಕು. ಆ ಮಾತು ಬಾಯಿಂದ ಬರೋದೇ ಕಷ್ಟ ಕಣ್ರೀ. ನಾನು ಹೇಳ್ದಾಗ ಅವಳು "ಮೊದ್ಲೇ ಹೇಳ್ಬಾರ್ದಾ ನೀವು, ಮೀಟಿಂಗಲ್ಲಿದ್ದೆ" ಅಂದ್ಳು ಅಷ್ಟೇ. ಭಯ ಪೂರ್ತಿ ಹೋಗಿಲ್ಲ, ಆದ್ರೆ ಬಂದಾಗ ಏನು ಮಾಡ್ಬೇಕು ಅಂತ ಗೊತ್ತಿದೆ.

ಒಂದು ಸ್ಟಾರ್ ಕಟ್ ಮಾಡಿದ್ದು ರಿಸೆಪ್ಷನ್‌ಗೆ. ಎಲ್ರೂ ಕೂತಿರೋವಾಗ "ಏನ್ ಪ್ರಾಬ್ಲಂ ಸರ್" ಅಂತ ಜೋರಾಗಿ ಕೇಳ್ತಾರೆ, ಅರ್ಧ ಗಂಡಸ್ರು ಅಲ್ಲಿಂದಾನೇ ವಾಪಸ್ ಹೋಗ್ತಾರೆ, ದಯವಿಟ್ಟು ಇದನ್ನ ಸರಿ ಮಾಡಿ. ಭಾನುವಾರ ಇಲ್ದೇ ಇರೋದು ನಮ್ಮಂಥ ಹೊರಗಿನೋರಿಗೆ ಕಷ್ಟ. ಫೀಸು ಮುಕ್ಕಾಲು ಗಂಟೆಗೆ 1000 ರೂಪಾಯಿ, ಎಲ್ರಿಗೂ ಆಗಲ್ಲ.

ಆಗದೇ ಇರೋರು ಮಂಡ್ಯ ಮಿಮ್ಸ್ ಅಥ್ವಾ ಮೈಸೂರು ಕೆ.ಆರ್. ಆಸ್ಪತ್ರೆ ಮನೋವೈದ್ಯ ವಿಭಾಗಕ್ಕೆ ಹೋಗಿ. ರಾತ್ರಿ ಹೊತ್ತು ತಡೆಯೋಕಾಗ್ಲಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, 24 ಗಂಟೆ ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡ್ಕೊಂಡ 1,70,924 ಜನರಲ್ಲಿ 1,22,724 ಗಂಡಸ್ರು, ಸರ್ಕಾರದ್ದೇ ಲೆಕ್ಕ ಇದು, ಅದಕ್ಕೇ ಕೈಮುಗಿದು ಹೇಳ್ತಿದೀನಿ, ನಾಚ್ಕೋಬೇಡಿ. ಇಲ್ಲಿಗೇ ಬರೋದಾದ್ರೆ ಸಂಜೆ ಕೊನೇ ಸ್ಲಾಟ್ ತಗೊಳ್ಳಿ, ಆಗ ರಶ್ ಕಮ್ಮಿ.