ಟೈಲ್ಸ್ ಬಣ್ಣ ಕೇಳಿದರು, ಪೈಪ್ ಎಲ್ಲಿದೆ ಅಂತ ಕೇಳಲಿಲ್ಲ: ಒಂದು ಬಾತ್‌ರೂಮ್ ಲೇಔಟ್ ಸೇವೆಯ ವಿಮರ್ಶೆ

ಹೊಸ ಮನೆಯ ಬಾತ್‌ರೂಮಿಗೆ ಆನ್‌ಲೈನ್‌ನಲ್ಲಿ ಲೇಔಟ್ ಮಾಡಿಕೊಡುವ ಒಂದು ಸೇವೆಯನ್ನು ಬಳಸಿದೆ. ಹೆಸರು ಹಾಕುತ್ತಿಲ್ಲ. ಇಂಥವರು ಈಗ ಬೇಕಾದಷ್ಟು ಜನ ಇದ್ದಾರೆ, ನನಗಾದ ಅನುಭವ ಇವರೊಬ್ಬರದೇ ಅಲ್ಲ ಅಂತ ನನ್ನ ಅನುಮಾನ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮೊದಲ ಡ್ರಾಯಿಂಗ್ ನೋಡಿದ ದಿನ ಕೇಳಿದ್ದರೆ ಒಂದು ಕೊಡುತ್ತಿದ್ದೆ.

ಬಾತ್‌ರೂಮ್ ಇರುವುದು ಮೊದಲ ಮಹಡಿಯಲ್ಲಿ. ಎಂಟು ಅಡಿ ಉದ್ದ, ಆರು ಅಡಿ ಅಗಲ. ಒಂದು ತುದಿಯಲ್ಲಿ ಬಾಗಿಲು, ಇನ್ನೊಂದು ತುದಿಯಲ್ಲಿ ಕಿಟಕಿ. ಕಿಟಕಿ ಗೋಡೆಯ ಆಚೆಗೆ ಪೈಪುಗಳು ಇಳಿಯುವ ಶಾಫ್ಟ್. ಸ್ಲ್ಯಾಬ್ ಆಗಲೇ ಹಾಕಿ ಆಗಿತ್ತು. ಪೈಪ್ ಹಾಯಿಸಲು ಬಾತ್‌ರೂಮಿನ ಭಾಗವನ್ನು ತಗ್ಗಿಸಿ ಸಂಕನ್ ಬಿಟ್ಟಿದ್ದರು. ಟೈಲ್ಸ್ ಹಾಕಿ ಮುಗಿದ ನೆಲದಿಂದ ಲೆಕ್ಕ ಹಿಡಿದರೆ ಆಳ 200 ಮಿ.ಮೀ. ಶಾಫ್ಟ್, ಸಂಕನ್, ಬೀಮ್ ಈ ಮೂರನ್ನು ಇನ್ನು ಬದಲಾಯಿಸುವ ಹಾಗಿರಲಿಲ್ಲ. ಉಳಿದದ್ದೆಲ್ಲ ಎಲ್ಲಿಗೆ ಬೇಕಾದರೂ ಸರಿಸಬಹುದಿತ್ತು.

ಅವರ ಫಾರ್ಮಿನಲ್ಲಿ ಏನೆಲ್ಲ ಕೇಳಿದ್ದರು ಗೊತ್ತಾ? ಟೈಲ್ಸ್ ಮ್ಯಾಟ್ ಬೇಕಾ ಗ್ಲಾಸಿ ಬೇಕಾ. ನಲ್ಲಿ ಕಪ್ಪಾ, ಕ್ರೋಮಾ. ಕನ್ನಡಿ ಹಿಂದೆ ಲೈಟ್ ಬೇಕಾ. ಕೋಣೆಯ ಉದ್ದಗಲ, ಬಾಗಿಲು, ಕಿಟಕಿ. ಅಷ್ಟೇ. ಶಾಫ್ಟ್ ಎಲ್ಲಿದೆ ಅನ್ನುವ ಪ್ರಶ್ನೆಯೇ ಇಲ್ಲ. ಕೊನೆಯ ‘ಇತರೆ’ ಜಾಗದಲ್ಲಿ ನಾನೇ ಎಲ್ಲ ಬರೆದು, ಫೋಟೋ ಕೂಡ ಹಾಕಿದೆ. ಯಾರೂ ಓದಿದ ಹಾಗೆ ಕಾಣಲಿಲ್ಲ.

ಬಂದ ಡ್ರಾಯಿಂಗ್‌ನಲ್ಲಿ ಬಾಗಿಲ ಪಕ್ಕದಲ್ಲೇ ಕಮೋಡ್, ಕಿಟಕಿ ಕೆಳಗೆ ಅಗಲವಾದ ಶವರ್. ತ್ರೀಡಿ ಚಿತ್ರದಲ್ಲಿ ಬಿಸಿಲು ಬೀಳುತ್ತಿತ್ತು, ಮೂಲೆಯಲ್ಲಿ ಒಂದು ಗಿಡ ಬೇರೆ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಕಮೋಡಿನಿಂದ ಶಾಫ್ಟಿಗೆ ಏಳು ಅಡಿ ದೂರ. ಕಮೋಡಿನ ಪೈಪ್ 110 ಮಿ.ಮೀ. ದಪ್ಪ. ಇಳಿಜಾರು 1:40 (40 ಅಡಿ ದೂರಕ್ಕೆ ಒಂದು ಅಡಿ ಇಳಿತ) ಇಟ್ಟರೆ ಏಳು ಅಡಿಗೆ ಪೈಪ್ ಸುಮಾರು 53 ಮಿ.ಮೀ. ಕೆಳಗಿಳಿಯಬೇಕು. ಎರಡೂ ಸೇರಿ 163. ಮೇಲೆ ಗಾರೆ, ಟೈಲ್ಸ್ ಅಂತ ಇನ್ನೊಂದು 50. ಒಟ್ಟು 213 ಆಯಿತು. ಇರುವ ಆಳ 200. ಇದರಲ್ಲಿ ವಾಟರ್‌ಪ್ರೂಫಿಂಗ್ ಪದರ, ಕಮೋಡ್ ಕೆಳಗಿನ ಬೆಂಡ್ ಇನ್ನೂ ಸೇರಿಲ್ಲ! ಹಾಗಾದರೆ ಬಾತ್‌ರೂಮಿನ ನೆಲವನ್ನೇ ಎತ್ತರಿಸಬೇಕು. ಆಗ ನೀರು ಬೆಡ್‌ರೂಮಿಗೆ ಬರುತ್ತದೆ. ಇಷ್ಟು ಲೆಕ್ಕ ಹಾಕಲು ಇಂಜಿನಿಯರಿಂಗ್ ಓದಬೇಕಾಗಿಲ್ಲ, ಅಲ್ವಾ?

ಈ ಲೆಕ್ಕವನ್ನೇ ಬರೆದು ಕಳಿಸಿದೆ. ಇಲ್ಲಿಂದ ಮುಂದೆ ಸೇವೆ ನಿಜವಾಗಿ ಸುಧಾರಿಸಿತು. ಅವರಲ್ಲಿ ಅನುಭವ ಇರುವ ಒಬ್ಬರು ಫೋನ್ ಮಾಡಿದರು. ಟೈಲ್ಸ್ ಮಾತೇ ಇಲ್ಲ. ಶಾಫ್ಟ್ ಯಾವ ಗೋಡೆ ಹಿಂದೆ, ಸಂಕನ್ ಎಷ್ಟು ಆಳ, ಗೋಡೆ ನಾಲ್ಕೂವರೆ ಇಂಚಾ ಒಂಬತ್ತು ಇಂಚಾ ಅಂತ ನೇರವಾಗಿ ಕೇಳಿದರು. ಫಾರ್ಮ್ ತಯಾರಿಸುವಾಗ ಇವರನ್ನೇ ಕೂರಿಸಬಾರದಿತ್ತಾ ಅನ್ನಿಸಿತು.

ಎರಡನೇ ಡ್ರಾಯಿಂಗ್ ಅವರೇ ಮಾಡಿದ್ದು. ಕಮೋಡ್ ಕಿಟಕಿ ಗೋಡೆಗೆ ಹೋಯಿತು. ಅದರ ಪೈಪ್ ನೆಲಕ್ಕೆ ಇಳಿಯುವುದೇ ಇಲ್ಲ, ಗೋಡೆ ದಾಟಿದರೆ ಶಾಫ್ಟ್. ಆ ಗೋಡೆಯ ಮುಂದೆ ಸುಮಾರು ಅರ್ಧ ಅಡಿ ದಪ್ಪದ ಮೋಟುಗೋಡೆ, ಎತ್ತರ ಕಿಟಕಿಯ ಕೆಳಗಿನವರೆಗೆ ಮಾತ್ರ. ಅದರೊಳಗೆ ಕನ್ಸೀಲ್ಡ್ ಸಿಸ್ಟರ್ನ್ (ಹೊರಗೆ ಕಾಣದ ಫ್ಲಶ್ ಟ್ಯಾಂಕ್), ಶವರಿನ ಬಿಸಿನೀರು ತಣ್ಣೀರಿನ ಪೈಪುಗಳು. ನಾಲ್ಕೂವರೆ ಇಂಚಿನ ಗೋಡೆಯನ್ನು ಕೊರೆದು ಬಡಕಲು ಮಾಡುವ ಕೆಲಸ ತಪ್ಪಿತು. ಅರ್ಧ ಅಡಿ ಜಾಗ ಹೋಯಿತು, ನಿಜ. ಆದರೆ ಅದರ ಮೇಲೆ ಸೋಪು, ಶಾಂಪೂ ಇಡಲು ಉದ್ದದ ಕಟ್ಟೆ ಸಿಕ್ಕಿತು. ಸಿಸ್ಟರ್ನ್ ಒಳಗೆ ಕೆಟ್ಟರೆ ಫ್ಲಶ್ ಪ್ಲೇಟ್ ತೆಗೆದು ಕೈ ಹಾಕಿ ರಿಪೇರಿ ಮಾಡಬಹುದು, ಟೈಲ್ಸ್ ಒಡೆಯಬೇಕಿಲ್ಲ.

ಆರು ಅಡಿ ಅಗಲದಲ್ಲಿ ಕಮೋಡಿಗೆ 32 ಇಂಚು, ಶವರಿಗೆ 40 ಇಂಚು, ನಡುವೆ ಗಾಜು. ಶವರ್ ನನ್ನ ಆಸೆಗಿಂತ ಚಿಕ್ಕದಾಯಿತು. ಒಪ್ಪಿಕೊಂಡೆ, ಯಾಕಂದರೆ ಕಮೋಡಿನ ನಡುಮಧ್ಯದಿಂದ ಪಕ್ಕದ ಗೋಡೆಗೆ 15 ಇಂಚಾದರೂ ಇಲ್ಲದಿದ್ದರೆ ಕೂರುವಾಗ ಮೊಣಕೈ ತಾಗುತ್ತದೆ.

ನನಗೆ ತುಂಬಾ ಇಷ್ಟವಾಗಿದ್ದು ವಾಶ್‌ಬೇಸಿನ್ ವಿಚಾರ. ಅದನ್ನು ಬಾಗಿಲ ಹತ್ತಿರವೇ ಬಿಟ್ಟರು. ಅದರ ಪೈಪ್ ಬರೀ 40 ಮಿ.ಮೀ., ಹಾಗಾಗಿ ಅಷ್ಟು ದೂರ ಇಳಿಜಾರಾಗಿ ಹೋದರೂ 200 ಮಿ.ಮೀ. ಒಳಗೆ ಆರಾಮಾಗಿ ಕೂರುತ್ತದೆ. ಆ ನೀರನ್ನು ನೇರ ಶಾಫ್ಟಿಗೆ ಬಿಡದೆ ಶವರಿನ ಫ್ಲೋರ್ ಟ್ರ್ಯಾಪಿಗೆ, ಅಂದರೆ ನೆಲದ ಜಾಲರಿ ಕೆಳಗೆ ನೀರು ನಿಲ್ಲುವ ಬಟ್ಟಲಿಗೆ, ಸೇರಿಸಿದರು. ಟ್ರ್ಯಾಪಿನಲ್ಲಿ 50 ಮಿ.ಮೀ. ನೀರು ಯಾವಾಗಲೂ ನಿಂತಿರಬೇಕು, ವಾಸನೆ ತಡೆಯುವುದು ಅದೇ. ನಮ್ಮದು ಅತಿಥಿಗಳಿಗೆ ಅಂತ ಇಟ್ಟ ಬಾತ್‌ರೂಮ್. ಶವರ್ ವಾರಗಟ್ಟಲೆ ಬಳಸದಿದ್ದರೆ ಟ್ರ್ಯಾಪ್ ಒಣಗುತ್ತದೆ. ಯಾರಾದರೂ ಆಗಾಗ ಬೇಸಿನ್‌ನಲ್ಲಿ ಕೈ ತೊಳೆದರೂ ಸಾಕು, ಅದು ಮತ್ತೆ ತುಂಬುತ್ತದೆ. ಇಂಥದ್ದು ತ್ರೀಡಿ ಚಿತ್ರದಲ್ಲಿ ಕಾಣಲ್ಲ.

ಕಳೆದ ಅಂಕಗಳ ಲೆಕ್ಕಕ್ಕೆ ಬರೋಣ. ಒಂದು, ಬೀಮ್. ಫ್ಲೋರ್ ಟ್ರ್ಯಾಪಿನ ಪೈಪ್ ಶಾಫ್ಟಿಗೆ ಹೋಗಬೇಕಾದರೆ ಕಿಟಕಿ ಗೋಡೆ ಕೆಳಗಿನ ಬೀಮ್ ದಾಟಲೇಬೇಕು. ಎರಡನೇ ಡ್ರಾಯಿಂಗ್‌ನಲ್ಲೂ ಆ ಬೀಮ್ ಇರಲಿಲ್ಲ, ಫೋನಿನಲ್ಲೂ ಕೇಳಲಿಲ್ಲ. ಕಾಂಕ್ರೀಟ್ ಹಾಕುವ ಮೊದಲೇ ನಮ್ಮ ಇಂಜಿನಿಯರ್ ಅಲ್ಲಿ ಸ್ಲೀವ್ (ಪೈಪ್ ದಾಟಲು ಕೊಳವೆ ಇಟ್ಟು ಬಿಡುವ ತೂತು) ಬಿಟ್ಟಿದ್ದರಿಂದ ಬಚಾವ್. ಇಲ್ಲದಿದ್ದರೆ ಬೀಮಿನ ಕಂಬಿ ಕತ್ತರಿಸಿ ತೂತು ಕೊರೆಯಿರಿ ಅಂತ ಯಾರಿಗೆ ಹೇಳುವುದು? ಇನ್ನೊಂದು, ಅಳತೆಗಳು. ಶವರ್ ಮಿಕ್ಸರ್ (ಬಿಸಿನೀರು ತಣ್ಣೀರು ಬೆರೆಸುವ, ಗೋಡೆಯೊಳಗೆ ಕೂರುವ ನಲ್ಲಿ) ಗೋಡೆಯಿಂದ ಇಷ್ಟು ಅಂತ ಬರೆದಿದ್ದಾರೆ. ನಮ್ಮ ಪ್ಲಂಬರ್ ಹಾಳೆ ಹಿಡಿದು, “ಮೇಡಂ, ಇದು ಇಟ್ಟಿಗೆಯಿಂದ ಅಳತೆನಾ, ಟೈಲ್ಸಿಂದನಾ?” ಅಂದರು. ಪ್ಲಾಸ್ಟರ್, ಗಮ್, ಟೈಲ್ಸ್ ಸೇರಿದರೆ ಒಂದು ಇಂಚು ಸಲೀಸಾಗಿ ಆಗುತ್ತದೆ. ಕನ್ಸೀಲ್ಡ್ ಮಿಕ್ಸರಿಗೆ ಒಂದು ಇಂಚು ಅಂದರೆ ಸುಮ್ನೆ ಅಲ್ಲ. ಜಾಸ್ತಿ ಒಳಗೆ ಹೋದರೆ ಹಿಡಿಕೆ ಕೂರಲ್ಲ, ಹೊರಗೆ ಬಂದರೆ ಪ್ಲೇಟ್ ಗೋಡೆಗೆ ಅಂಟಲ್ಲ. ಮತ್ತೆ ಮೆಸೇಜ್ ಹಾಕಿ ಕೇಳಬೇಕಾಯಿತು.

ವೆಂಟ್, ಅಂದರೆ ಪೈಪಿಗೆ ಗಾಳಿಯಾಡುವ ದಾರಿ, ಕೂಡ ನಾನು ಕೇಳಿದ ಮೇಲೆ ಸೇರಿಸಿದ್ದು. ಶಾಫ್ಟಿನ ಪೈಪ್ ತಾರಸಿಯ ಮೇಲೆ ಬಾಯಿ ತೆರೆದಿರಬೇಕು. ಇಲ್ಲದಿದ್ದರೆ ಫ್ಲಶ್ ಮಾಡಿದಾಗ ಹುಟ್ಟುವ ಎಳೆತ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗಬಹುದು.

ಬಾಗಿಲು ಯಾವ ಕಡೆ ತೆರೆಯಬೇಕು, ಎಕ್ಸಾಸ್ಟ್ ಫ್ಯಾನ್, ಗೀಸರ್ ಪಾಯಿಂಟ್ ಎಲ್ಲ ಸರಿಯಾಗಿದ್ದವು, ಹೇಳುವಂಥದ್ದೇನಿಲ್ಲ.

ತೆಗೆದುಕೊಳ್ಳಬಹುದಾ ಅಂದರೆ, ಸ್ಲ್ಯಾಬ್ ಹಾಕುವ ಮೊದಲು ಖಂಡಿತ ತೆಗೆದುಕೊಳ್ಳಿ. ಆಮೇಲಾದರೆ ಪೈಪ್ ಬಗ್ಗೆ ಮಾತಾಡುವವರನ್ನೇ ಫೋನಿಗೆ ಕರೆಯಿರಿ ಅಂತ ಮೊದಲೇ ಹಟ ಹಿಡಿಯಿರಿ. ನೆಲಮಹಡಿಯ ಬಾತ್‌ರೂಮಿಗೂ ನಾನು ಇವರನ್ನೇ ಕೇಳಿದ್ದೇನೆ. ತ್ರೀಡಿ ಚಿತ್ರ ಬೇಡ, ಪೈಪ್ ಡ್ರಾಯಿಂಗ್ ಮಾತ್ರ ಕೊಡಿ, ದರ ಕಡಿಮೆ ಮಾಡ್ತೀರಾ ಅಂದೆ. ಹಾಗೆಲ್ಲ ಬಿಡಿಯಾಗಿ ಕೊಡಲ್ವಂತೆ, ಪ್ಯಾಕೇಜ್ ಅಂತೆ.